ರಾಣಿಯ ಗೋಡೆಯ ಮೇಲಿನ ರೊಟ್ಟಿ

ಝರ್ಕಾನ್ ರಾಜ್ಯ ಬಿದ್ದದ್ದು ಒಂದು ಮಧ್ಯಾಹ್ನ, ಊಟಕ್ಕೂ ಚಹಾಕ್ಕೂ ನಡುವೆ. ಘೋರ ಯುದ್ಧವಾಯಿತು ಅಂದರೆ ಬಾಯಲ್ಲಿ ಹುಳ ಬಿದ್ದೀತು. ಶತ್ರುಗಳು ಕೋಟೆ ಬಾಗಿಲು ತಟ್ಟಿದರು, ಕಾವಲಿನವನು ಹಾಲಿನವನು ಬಂದನೆಂದು ತೆಗೆದ, ಅಷ್ಟೇ. ಬೆಂಕಿ ಉಗುಳಬೇಕಿದ್ದ ಘಟಸರ್ಪ ಒಣ ಏಪ್ರಿಕಾಟ್ ವಿಪರೀತ ತಿಂದು ಹೊಟ್ಟೆ ಕೆಟ್ಟು ಮಲಗಿತ್ತು. ದೊರೆ ಬೋಲ್ತಾಬೆಕ್ ಹಾರುವ ರತ್ನಗಂಬಳಿ ಹತ್ತಿ ಪರಾರಿಯಾದ. ಆ ಗಂಬಳಿಗೆ ಒಂದೇ ದೋಷ, ಅದು ಎಡಕ್ಕೆ ಮಾತ್ರ ತಿರುಗುತ್ತಿತ್ತು.

ಹಿಂದೆ ಉಳಿದವಳು ರಾಣಿ ಝೇವರ್ ಬೀಬಿ. ಗೆದ್ದವರು ಅವಳನ್ನು ಏನು ಮಾಡುವುದೆಂದು ತಿಳಿಯದೆ, ನಿನಗೇನು ಬರುತ್ತದೆ ಎಂದು ಕೇಳಿದರು. ಅವಳು ರೊಟ್ಟಿಯವನ ಮಗಳು. ರೊಟ್ಟಿ ಮಾಡೋಕೆ ಬರುತ್ತೆ ಅಂದಳು. ಅವರಿಗೂ ಹಸಿವಾಗಿತ್ತು.

ಅದಾಗಿ ಹನ್ನೆರಡು ವರ್ಷ. ಪೇಟೆಬೀದಿಯಲ್ಲಿ ಅವಳದೇ ಒಂದು ತಂದೂರು, ಹಿಂದೆ ಒಂದು ಕೋಣೆ. ಎಲ್ಲರ ಬಾಯಲ್ಲೂ ಅವಳು ರಾಣಿ ಖಾಲಾ, ರಾಣಿ ಚಿಕ್ಕಮ್ಮ.

"ರಾಣಿ ಖಾಲಾ, ನಿನ್ನೆ ರೊಟ್ಟಿ ಸೀದಿತ್ತು" ಎಂದು ಕತ್ತೆ ಹೊಡೆಯುವವನೂ ದೂರುತ್ತಿದ್ದ.

"ಸೀದಿದ್ದು ತಿಂದ್ರೆ ದನಿ ಚೆನ್ನಾಗಾಗುತ್ತಂತೆ. ನಿನ್ನ ಕತ್ತೆಗೂ ಒಂದು ಚೂರು ಕೊಡು."

ನಿಜ ಹೇಳಬೇಕೆಂದರೆ ಸಿಂಹಾಸನಕ್ಕಿಂತ ಈ ಬದುಕು ಅವಳಿಗೆ ಒಗ್ಗಿತ್ತು. ಒಂದು ಕೊರಗು ಮಾತ್ರ ಇತ್ತು, ಅದರ ಹೆಸರು ಹೋಲ್‌ಮುರಾದ್. ಎದುರಿಗೇ ಕರ್ಬೂಜ ಮಾರುತ್ತಿದ್ದ, ಮುಂದಿನ ಹಲ್ಲೊಂದು ಇಲ್ಲದ ಮನುಷ್ಯ. ಆ ಸಂದಿನಿಂದ ಕರ್ಬೂಜದ ಬೀಜವನ್ನು ಬೀದಿಯ ಆಚೆ ಬದಿಗೆ ಉಗಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹಿಂದೆ ಅರಮನೆಯಲ್ಲಿ ದೊರೆಯ ಊಟದ ರುಚಿ ನೋಡುವವನಾಗಿದ್ದ. ವಿಷದ ಭಯಕ್ಕೆ ದೊರೆಯ ತಟ್ಟೆಗೆ ಬಂದದ್ದೆಲ್ಲ ಮೊದಲು ಇವನ ಬಾಯಿಗೆ ಹೋಗಬೇಕಿತ್ತು. ದಿನಾ ಬೆಳಿಗ್ಗೆ ಅವಳ ಮೊದಲ ರೊಟ್ಟಿ ಇವನೇ ಕೊಳ್ಳುತ್ತಿದ್ದ, ಅರ್ಧ ಕರ್ಬೂಜ ಇಟ್ಟು ಹೋಗುತ್ತಿದ್ದ. ಇಬ್ಬರಿಗೂ ಮದುವೆಯಾಗುವ ಆಸೆ. ಆಗುವಂತಿರಲಿಲ್ಲ, ಯಾಕೆಂದರೆ ಅವಳ ಕೋಣೆಯ ಗೋಡೆಯಲ್ಲಿ ಒಂದು ರೊಟ್ಟಿ ನೇತಾಡುತ್ತಿತ್ತು.

ಝರ್ಕಾನದಲ್ಲಿ ದೂರ ಹೊರಟವರು ಹೊಸ್ತಿಲಲ್ಲಿ ನಿಂತು ರೊಟ್ಟಿಯನ್ನು ಒಮ್ಮೆ ಕಚ್ಚಿಟ್ಟು ಹೋಗಬೇಕು. ಉಳಿದದ್ದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಗೋಡೆಗೆ ತೂಗುಹಾಕುತ್ತಾರೆ. ಕಚ್ಚಿದವನು ಬಂದು ತಿಂದು ಮುಗಿಸುವ ತನಕ ಆ ಗಂಟು ಬಿಚ್ಚುವಂತಿಲ್ಲ; ನೂರು ವರ್ಷವಾದರೂ ಅವನ ಹೆಂಡತಿ ಅವನ ಹೆಂಡತಿಯೇ. ಕಚ್ಚದೆ ಹೋದವನ ಅನ್ನದ ಋಣ ಮಾತ್ರ ಅಂದಿಗೇ ತೀರಿತು, ಅವನ ಹೆಂಡತಿ ಬೇಕಾದವನನ್ನು ಕಟ್ಟಿಕೊಳ್ಳಬಹುದು. ದೊರೆ ಹಾರಿಹೋದ ದಿನ ಹೊಸ್ತಿಲಲ್ಲಿದ್ದ ರೊಟ್ಟಿಯನ್ನು ದಾಸಿಯೊಬ್ಬಳು ಸುತ್ತಿ ತಂದುಕೊಟ್ಟಿದ್ದಳು. ಅರಮನೆಯಿಂದ ಝೇವರ್ ಬೀಬಿ ತಂದದ್ದು ಅದೊಂದೇ.

ಪೇಟೆಯ ಹಿರಿಯ, ಬಿಳಿಗಡ್ಡದ ನೂರ್ಮತ್ ಅತಾನನ್ನು ಗಂಟು ಬಿಚ್ಚಲು ಅಪ್ಪಣೆ ಕೊಡಬೇಕೆಂದು ಮೂರು ಸಲ ಬೇಡಿಕೊಂಡಿದ್ದಳು. ಮೂರು ಸಲವೂ ಅವನು ಗಡ್ಡ ನೀವಿ, ಕಚ್ಚಿದವನೇ ಬಂದು ತಿನ್ನಬೇಕು ಎಂದು ಅದೇ ಹಾಡು ಹಾಡಿದ್ದ. ನಾಲ್ಕನೆಯ ಸಲ ಅವನನ್ನು ಕೂರಿಸಿ ಚಹಾ ಬಗ್ಗಿಸುತ್ತಿದ್ದಾಗ ಹೊರಗೆ ದೊಡ್ಡ ಸದ್ದಾಯಿತು.

ಹೋಲ್‌ಮುರಾದನ ಕರ್ಬೂಜದ ರಾಶಿಯ ಮೇಲೆ ಒಂದು ಹರಕು ಗಂಬಳಿ ಬಿದ್ದಿತ್ತು. ಅದರ ಮೇಲೆ ಮೂಳೆಚಕ್ಕಳವಾದ ಒಬ್ಬ ಮನುಷ್ಯ, ತಲೆಯ ಮೇಲೆ ಓರೆಯಾದ ಕಿರೀಟ.

"ಎಡಕ್ಕೇ ತಿರುಗಿ ತಿರುಗಿ ಒಂದು ಸುತ್ತು ಮುಗಿಯೋಕೆ ಇಷ್ಟು ವರ್ಷ ಹಿಡೀತು" ಎಂದು ಬೋಲ್ತಾಬೆಕ್ ಹಣ್ಣಿನ ರಸ ಒರೆಸಿಕೊಂಡ. "ನನ್ನ ರಾಜ್ಯ ಎಲ್ಲಿ?"

"ಬಿತ್ತು" ಅಂದಳು ಝೇವರ್ ಬೀಬಿ.

"ಯಾವಾಗ?"

"ನೀವು ಹಾರಿದ್ರಲ್ಲ, ಆಗ್ಲೇ. ನೀವಿನ್ನೂ ಮಿನಾರದ ಹತ್ರ ತಿರುಗ್ತಾ ಇದ್ರಿ."

ದೊರೆ ಒಳಗೆ ಬಂದು ತಂದೂರು ನೋಡಿದ, ಹಿಟ್ಟಿನ ಚೀಲ ನೋಡಿದ, ಮೆತ್ತನೆಯ ಹಾಸಿಗೆ ನೋಡಿದ.

"ರಾಜ್ಯ ಹೋದ್ರೆ ಹೋಗ್ಲಿ ಬಿಡು. ಅಂಗಡಿ ಚೆನ್ನಾಗೇ ನಡೀತಿದೆ. ಇನ್ನು ಇಲ್ಲೇ ಇದ್ದುಬಿಡ್ತೀನಿ. ನನ್ನ ರೊಟ್ಟಿ ಇಳಿಸು."

ಬಾಗಿಲ ಬಳಿ ನಿಂತಿದ್ದ ಹೋಲ್‌ಮುರಾದ್ ತಲೆ ತಗ್ಗಿಸಿದ. ಅಳು ಬಂದರೂ ನುಂಗಿಕೊಂಡು ಝೇವರ್ ಬೀಬಿ ಗಂಟು ಇಳಿಸಿದಳು. ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಅದನ್ನು ಬಿಚ್ಚಿದಳು. ರೊಟ್ಟಿ ಬೀಸುವ ಕಲ್ಲಿನಂತಾಗಿತ್ತು. ಅಂಚಿನಲ್ಲಿ ಒಂದು ಕಚ್ಚಿದ ಗುರುತು. ಒಂದೇ.

ಅವಳು ಅದನ್ನೇ ನೋಡುತ್ತ ನಿಂತಳು. ಅರಮನೆಯಲ್ಲಿ ದೊರೆಯ ರೊಟ್ಟಿಗೆ ಯಾವತ್ತೂ ಎರಡು ಕಚ್ಚು ಇರುತ್ತಿದ್ದವು, ರುಚಿ ನೋಡುವವನದೊಂದು, ದೊರೆಯದೊಂದು.

"ಮಹಾಸ್ವಾಮಿಗಳು ಅವತ್ತು ಇದನ್ನ ಕಚ್ಚಿದ್ರಾ?"

"ಕಚ್ಚದೆ? ಪದ್ಧತಿ ಅಲ್ವಾ?"

"ಹಾಗಾದ್ರೆ ಬಾಯಿ ಬಿಡಿ."

ದೊರೆಗೆ ಮೈಯಲ್ಲಿ ಏನೂ ಉಳಿದಿರಲಿಲ್ಲ, ಹಲ್ಲು ಮಾತ್ರ ಮೂವತ್ತೆರಡೂ ಇದ್ದವು. ರೊಟ್ಟಿಯ ಕಚ್ಚಿನ ನಡುವೆ ಒಂದು ಸಣ್ಣ ದಿಣ್ಣೆ ಹಾಗೇ ಉಳಿದಿತ್ತು, ಅಲ್ಲಿ ಹಲ್ಲೇ ತಾಗಿರಲಿಲ್ಲ. ನೂರ್ಮತ್ ಅತಾ ರೊಟ್ಟಿ ಈಸಿಕೊಂಡು ಬೆರಳಾಡಿಸಿದ. ಆಮೇಲೆ ಬಾಗಿಲ ಕಡೆ ತಿರುಗಿದ.

"ಲೋ ಹೋಲ್‌ಮುರಾದ್, ಬಾರೋ ಇಲ್ಲಿ. ಬಾಯಿ ತೆಗಿ."

ಕಚ್ಚಿನ ಗುರುತು ಅವನ ಹಲ್ಲಿಗೆ ಬೀಗಕ್ಕೆ ಕೀಲಿಯ ಹಾಗೆ ಕೂತಿತು.

"ಎಲ್ಲಾ ಊಟದ ಹಾಗೇ ಇದನ್ನೂ ಮೊದಲು ನಾನೇ ಕಚ್ಚಿ ಕೊಟ್ಟೆ ಅತಾ" ಎಂದು ಹೋಲ್‌ಮುರಾದ್ ತೊದಲಿದ. "ಅವರು ಕಚ್ಚೋವಾಗ ನಾವು ನೋಡೋ ಹಾಗಿಲ್ಲ, ಗೋಡೆ ಕಡೆ ತಿರುಗಿ ನಿಲ್ಲಬೇಕು. ನಿಂತೆ. ಅವರೂ ಕಚ್ಚಿರ್ತಾರೆ ಅಂದ್ಕೊಂಡೆ."

"ವಿಷ ಇದೆಯೋ ಇಲ್ವೋ ಗೊತ್ತಾಗೋಕೆ ಸ್ವಲ್ಪ ಹೊತ್ತು ಬೇಕಲ್ಲ" ಅಂದ ದೊರೆ. "ಅಷ್ಟು ಹೊತ್ತು ಕಾಯೋಕೆ ಅವತ್ತು ಪುರುಸೊತ್ತು ಎಲ್ಲಿತ್ತು?"

ಝೇವರ್ ಬೀಬಿ ನೆಲದ ಮೇಲೆ ಕೂತುಬಿಟ್ಟಳು. ನಕ್ಕಳು, ನಗುತ್ತಲೇ ಅತ್ತಳು. ಯಾರನ್ನು ಕಟ್ಟಿಕೊಳ್ಳಲು ಈ ರೊಟ್ಟಿ ಅಡ್ಡವಾಗಿತ್ತೋ ಅವನದೇ ರೊಟ್ಟಿಯನ್ನು ಹನ್ನೆರಡು ವರ್ಷ ಧೂಳು ಕೊಡವಿ ಕಾದಿದ್ದಳು. ಅವನೋ ದಿನಾ ಬಂದು ಬೇರೆ ರೊಟ್ಟಿ ತಿಂದು ಹೋಗಿದ್ದ. ಇಬ್ಬರ ತಲೆಗೂದಲೂ ಸುಮ್ಮನೆ ನೆರೆತಿತ್ತು.

"ಕಚ್ಚದೆ ಹೋದವನ ಋಣ ಅಂದೇ ತೀರಿತು" ಎಂದು ನೂರ್ಮತ್ ಅತಾ ಗಡ್ಡ ನೀವಿದ. "ಕಚ್ಚಿದವನು ಕೂತು ತಿನ್ನಲಿ."

ಹೋಲ್‌ಮುರಾದ್ ತಿಂದ. ಹಸಿರು ಚಹಾದಲ್ಲಿ ನೆನೆಸಿ ನೆನೆಸಿ, ಮಧ್ಯಾಹ್ನದ ತನಕ ತಿಂದ, ಒಂದು ಚೂರೂ ಬಿಡಲಿಲ್ಲ. ಇನ್ನೊಂದು ಹಲ್ಲೂ ಸಡಿಲವಾಯಿತು.

ದೊರೆ ಮುಖ ಬಾಡಿಸಿಕೊಂಡು ಗಂಬಳಿ ಕೊಡವಿದ. ಝೇವರ್ ಬೀಬಿಗೆ ಪಾಪ ಅನಿಸಿತು. ಹಸಿದವನನ್ನು ಬರಿಗೈಲಿ ಕಳಿಸುವ ಜಾತಿಯಲ್ಲ ಅವಳು. ತಂದೂರಿನಿಂದ ಬಿಸಿಬಿಸಿ ರೊಟ್ಟಿಯೊಂದನ್ನು ತೆಗೆದು ಹೊಸ್ತಿಲ ಬಳಿ ಅವನ ಕೈಗಿಟ್ಟಳು.

ಬೋಲ್ತಾಬೆಕ್ ಅದನ್ನು ಮೂಸಿದ. ಹಳೆಯ ಅಭ್ಯಾಸ, ಪಕ್ಕದಲ್ಲಿದ್ದ ಹೋಲ್‌ಮುರಾದನ ಮುಂದೆ ಹಿಡಿದ. ಅವನಿಗೂ ಹಳೆಯ ಅಭ್ಯಾಸವೇ, ಬಾಯಿ ತೆರೆದ.

ಝೇವರ್ ಬೀಬಿ ಹಿಟ್ಟಿನ ಕೈಯಲ್ಲೇ ಅವನ ಬಾಯಿ ಮುಚ್ಚಿದಳು.

"ಕಚ್ಚಿದ್ರೆ ಹಲ್ಲು ಮುರೀತೀನಿ" ಅಂದಳು. "ಇನ್ನೊಂದು ರೊಟ್ಟಿ ಕಾಯೋಕೆ ನನ್ನ ಕೈಲಾಗಲ್ಲ."