ದೇವರಿಲ್ಲ ಎಂದ ಕ್ಯಾತಮ್ಮ

ಓಬಳಯ್ಯ ಮೇಷ್ಟ್ರಿಗೆ ಅವತ್ತು ತಲೆ ಚಚ್ಚಿಕೊಳ್ಳುವಷ್ಟು ಸಾಕಾಗಿಹೋಗಿತ್ತು. ಅಂಥಾದ್ದೇನಾಗಿತ್ತು ಅಂತೀರಾ? ಎಂಬತ್ತಮೂರನೇ ಇಸವಿ. ತಾವರೆಕೆರೆಯಿಂದಾಚೆಯ ಅವರ ಪುಟ್ಟ ಹೈಸ್ಕೂಲಿನಲ್ಲಿ ಚರ್ಚಾಸ್ಪರ್ಧೆ ನಡೆಯಿತು, ವಿಷಯ ‘ದೇವರಿದ್ದಾನೆಯೇ?’ ನಾಲ್ಕು ದಿನ ಮುಂಚೆಯೇ ಚೀಟಿ ಎತ್ತಿದಾಗ ಒಂಬತ್ತನೇ ಕ್ಲಾಸಿನ ಕ್ಯಾತಮ್ಮನಿಗೆ ‘ಇಲ್ಲ’ ಎನ್ನುವ ಕಡೆ ಬಂತು. ಗಡಗಡ ಮಾತಾಡಿ ಮೊದಲ ಬಹುಮಾನ ಹೊಡೆದಳು. ಬರುವ ಶನಿವಾರ ಸಿರಾದಲ್ಲಿ ತಾಲೂಕು ಮಟ್ಟದ ಸ್ಪರ್ಧೆ. ಅಷ್ಟರೊಳಗೆ ಸುದ್ದಿ ಹುಡುಗಿಯ ಹಟ್ಟಿ ಮುಟ್ಟಿ, ಅವಳಪ್ಪ ಜುಂಜಪ್ಪ ಕಂಬಳಿ ಹೆಗಲಿಗೇರಿಸಿಕೊಂಡು ನೆಟ್ಟಗೆ ಹೆಡ್‌ಮಾಸ್ಟರ ರೂಮಿಗೇ ಬಂದುಬಿಟ್ಟಿದ್ದ.

“ದೇವ್ರಿಲ್ಲ ಅನ್ನೋಕಾ ಸಾ ನಾನು ಮಗೀನ ಇಸ್ಕೂಲಿಗೆ ಕಳ್ಸಿದ್ದು? ದೇವ್ರ ಹೆಸ್ರೇ ಇಟ್ಕೊಂಡಿರೋನು ನಾನು, ಹಟ್ಟಿಯೋರಿಗೆ ಹೆಂಗೆ ಮಕ ತೋರ್ಸ್ಲಿ? ಎಲ್ರ ಮುಂದೆ ಇವ್ಳು ತೆಪ್ಪಾಯ್ತು ಅನ್ಲಿ. ಇಲ್ದಿದ್ರೆ ನಾಳೆಯಿಂದ ಕುರಿ ಹಿಂದೆ ಹೋಗ್ತಾಳೆ, ಅಷ್ಟೇಯ.”

ಹೆಡ್‌ಮಾಸ್ಟರು ಮಲ್ಲಿಕಾರ್ಜುನಯ್ಯನವರದು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾಯಮಾನ. “ಹೇಳಿಸಿಬಿಡಿ ಓಬಳಯ್ಯ. ಒಂದು ಮಾತು ತಾನೆ? ಹುಡುಗಿ ಓದೂ ಉಳಿಯುತ್ತೆ” ಎಂದರು.

ಒಂದು ಮಾತಂತೆ! ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. “ಸಾರ್, ನಾನು ಬೌದ್ಧ. ಶುಕ್ರವಾರದ ಸರಸ್ವತಿ ಪೂಜೆಗೆ ನಿಲ್ಲಲ್ಲ. ನನ್ನ ಕೈಲಿ ಯಾವತ್ತಾದ್ರೂ ತಪ್ಪಾಯ್ತು ಅನ್ಸಿದೀರಾ?”

“ಛೆ, ನಿಮ್ಮ ಧರ್ಮ ನಿಮ್ಮದು. ಬಲವಂತ ಮಾಡೋಕೆ ನಾವ್ಯಾರು?”

“ಮತ್ತೆ ನನಗೊಂದು ನ್ಯಾಯ, ಅವಳಿಗೊಂದು ನ್ಯಾಯವಾ? ಮಾತಾಡೋ ಹಕ್ಕು ಸಂವಿಧಾನದಲ್ಲೇ ಐತೆ! ಚೀಟೀಲಿ ‘ಇದ್ದಾನೆ’ ಅಂತ ಬಂದಿದ್ರೆ ಇವಳು ಅದನ್ನೇ ಹೇಳ್ತಿದ್ಲಲ್ಲ ಸಾರ್!”

ಮೇಷ್ಟ್ರು ಅರ್ಧ ಗಂಟೆ ಗಂಟಲು ಹರಿದುಕೊಂಡರು. ಎಲ್ಲ ಕೇಳಿಸಿಕೊಂಡ ಜುಂಜಪ್ಪ, “ಅದೆಲ್ಲ ಸರಿ ಸಾ, ದೇವ್ರಿಗೆ ಉತ್ರ ಹೇಳೋರ್ಯಾರು?” ಎಂದ. ಅಯ್ಯೋ, ಇವನಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ ಅನ್ನಿಸಿತು ಮೇಷ್ಟ್ರಿಗೆ.

ಬಾಗಿಲ ಬಳಿ ನಿಂತಿದ್ದ ಕ್ಯಾತಮ್ಮನನ್ನು ಅಲ್ಲಿಯವರೆಗೆ ಯಾರೂ ಒಂದು ಮಾತೂ ಕೇಳಿರಲಿಲ್ಲ. ಮೇಷ್ಟ್ರು ಅವಳ ಮೇಲೇ ರೇಗಿದರು. “ನೀನಾದ್ರೂ ಬಾಯಿ ಬಿಡಮ್ಮ! ನಿನಗೋಸ್ಕರ ಇಷ್ಟು ಒದ್ದಾಡ್ತಿದೀನಿ. ಹೆದರಬೇಡ, ಮನಸ್ಸಲ್ಲಿರೋದು ಹೇಳು.”

“ಅದು ನನ್ ಮಾತಲ್ಲ ಸಾ. ನೀವು ಬರ್ಕೊಟ್ರಿ, ನಾನು ಬಾಯಿಪಾಠ ಮಾಡ್ದೆ. ದೇವ್ರಿಲ್ಲ ಅಂತ ನಾನ್ಯಾವತ್ತೂ ಅನ್ಕೊಂಡಿಲ್ಲ. ಅವತ್ತೂ ದೇವ್ರಿಗೆ ಕೈಮುಗ್ದೇ ಎದ್ದು ನಿಂತಿದ್ದು.”

ಜುಂಜಪ್ಪನ ಮುಖ ಅರಳಿತು. ಮೇಷ್ಟ್ರ ಮುಖ ಇಷ್ಟೇ ಇಷ್ಟಾಯಿತು. ಬರೆದುಕೊಟ್ಟಿದ್ದು ಅವರೇ, ಸುಳ್ಳಲ್ಲ. ಯಾವ ಮೇಷ್ಟ್ರು ತಾನೆ ಬರೆದುಕೊಡುವುದಿಲ್ಲ?

“ಸಿರಾದಲ್ಲಿ ನಂದೇ ಮಾತಾಡ್ತೀನಿ ಸಾ” ಎಂದಳು ಹುಡುಗಿ. “ಹೊರಗಾದ್ರೆ ದೇವ್ರಿಗೆ ಮೈಲ್ಗೆ ಅಂತ ನಮ್ಮನ್ನ ಹಟ್ಟಿಯಿಂದಾಚೆ ಗುಡ್ಲಲ್ಲಿ ಕೂರಿಸ್ತಾರೆ. ತಿಂಗ್ಳಿಗೆ ಐದು ದಿನ ಇಸ್ಕೂಲು ತಪ್ತದೆ. ಹೋದ್ಸಲ ಗಣಿತದ ಪರೀಕ್ಸೇನೂ ಹೋಯ್ತು. ದೇವ್ರು ಅವ್ನೆ. ಆದ್ರೆ ಇದನ್ನ ದೇವ್ರೇ ಹೇಳಿದ್ನಾ ಅಂತ ಕೇಳ್ಬೇಕು.”

ಜುಂಜಪ್ಪ ನೆಲ ನೋಡಿದ. ಹೆಡ್‌ಮಾಸ್ಟರು ಕೆಮ್ಮಿದರು. ಗಂಡಸರ ಮುಂದೆ ಹುಡುಗಿ ಹೀಗೆ ಬಾಯಿಬಿಟ್ಟು ಹೇಳಿದ್ದಕ್ಕೆ ಓಬಳಯ್ಯ ಮೇಷ್ಟ್ರ ಕಿವಿಯೆಲ್ಲ ಬಿಸಿಯಾಯಿತು.

“ಥೂ, ಅದೆಲ್ಲ ಸಭೇಲಿ ಆಡೋ ಮಾತಲ್ಲ ಕಣಮ್ಮ. ಸುಮ್ನಿರು!” ಎಂದು ಗದರಿಬಿಟ್ಟರು.

ಕ್ಯಾತಮ್ಮ ಅಪ್ಪನ ಕಡೆಯಲ್ಲ, ಮೇಷ್ಟ್ರ ಕಡೆಗೇ ತಿರುಗಿದಳು.

“ತೆಪ್ಪಾಯ್ತು ಸಾ” ಎಂದಳು.