ಮೊಂಡು ಮಾಡಲು ಬಾರದ ಕೈ

ಊರಿಗೆಲ್ಲ ಚಾಕು, ಕತ್ತರಿ ಹರಿತ ಮಾಡಿಕೊಡುವ ಸಾಣೆಯವನ ಮನೆಯಲ್ಲಿ ಎಲ್ಲಕ್ಕಿಂತ ಹರಿತವಾಗಿದ್ದದ್ದು ಅವನ ಹುಂಜದ ಕಾಲು. ಎರಡನೆಯದು ಹೆಂಡತಿಯ ನಾಲಿಗೆ ಎಂದು ಅವನು ಗೆಳೆಯರ ಮುಂದೆ ಹೇಳುತ್ತಿದ್ದ. ಮನೆಯಲ್ಲಿ ಹೇಳುವಷ್ಟು ಎದೆಗಾರಿಕೆ ಇರಲಿಲ್ಲ.

ಹುಂಜಕ್ಕೆ ದೊರೆ ಎಂದು ಹೆಸರು. ಪಾದಕ್ಕಿಂತ ತುಸು ಮೇಲೆ, ಕಾಲಿನ ಹಿಂದೆ, ಒಂದೊಂದು ಮುಳ್ಳು ಹೆಬ್ಬೆರಳುದ್ದ ಬೆಳೆದು ಬಾಗಿತ್ತು. ದೊರೆ ಮೈಮೇಲೆ ಹತ್ತಿ ಹತ್ತಿ ನಾಲ್ಕೂ ಹೇಂಟೆಗಳ ಬೆನ್ನು ಬೋಳಾಗಿತ್ತು. ಹೆಂಡತಿ ಗಂಡನ ಹಳೆಯ ಅಂಗಿ ಕತ್ತರಿಸಿ ಹೇಂಟೆಗಳಿಗೆ ಬೆನ್ನಂಗಿ ಹೊಲಿದು ತೊಡಿಸಿದಳು. ವಾರದೊಳಗೆ ದೊರೆ ಅದನ್ನೂ ಚಿಂದಿ ಮಾಡಿದ. ಬುಧವಾರ ಅವಳ ಮೀನಖಂಡಕ್ಕೇ ಒದ್ದ.

"ಭಾನುವಾರದೊಳಗೆ ಆ ಮುಳ್ಳು ಮೊಂಡಾಗ್ಬೇಕು," ಎಂದಳು ಹೆಂಡತಿ. "ಇಲ್ಲಾಂದ್ರೆ ಭಾನುವಾರ ಅವನು ಪಾತ್ರೆ ಒಳಗೆ."

ಸಾಣೆಯವನಿಗೆ ದೊರೆಯನ್ನು ಬಿಟ್ಟುಕೊಡುವಂತಿರಲಿಲ್ಲ. ಮೂವತ್ತು ವರ್ಷ ಸಾಣೆಚಕ್ರದ ಕಿರುಚಾಟ ಕೇಳಿ ಅವನ ಕಿವಿ ಮಂದವಾಗಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಎದುರಿನವರ ತುಟಿ ನೋಡುತ್ತ, ತಲೆಯಾಡಿಸುತ್ತ ಕಾಲ ತಳ್ಳುತ್ತಿದ್ದ. ಉತ್ತರ ಬಾರದಿದ್ದಾಗ ಹೆಂಡತಿ ಇದು ಗಂಡಸಿನ ಧಿಮಾಕು ಎಂದುಕೊಂಡು ಮುಖ ಊದಿಸುತ್ತಿದ್ದಳು. ಲೋಕದ ಸದ್ದೆಲ್ಲ ಅರೆಬರೆಯಾದ ಮೇಲೂ ದೊರೆಯ ಕೂಗೊಂದು ಇಡಿಯಾಗಿ ಕೇಳುತ್ತಿತ್ತು. ಬೆಳಿಗ್ಗೆ ಅದು ಕಿವಿಗೆ ಬಿದ್ದರೆ, ಇವತ್ತಿಗೂ ನಾನು ಕಿವುಡನಲ್ಲ ಎಂದು ಅವನಿಗೆ ಧೈರ್ಯ ಬರುತ್ತಿತ್ತು.

ಅವನು ದನದ ಡಾಕ್ಟರ ಹತ್ತಿರ ಓಡಿದ. ಮುಳ್ಳಿನ ಹೊರಗಡೆ ಉಗುರಿನಂಥ ಚಿಪ್ಪು, ಒಳಗೆ ಜೀವ ಇರುವ ಎಲುಬು, ಆಳಕ್ಕೆ ಹೋದರೆ ರಕ್ತ ಬರುತ್ತದೆ, ತುದಿಯನ್ನಷ್ಟೇ ಅರದಿಂದ ಉಜ್ಜಿ ಗುಂಡಗೆ ಮಾಡು ಎಂದು ಅವರು ಬಿಡಿಸಿ ಹೇಳಿದರು. ಅರ ಹಿಡಿಯುವುದು ನನಗೆ ಹೇಳಿಕೊಡಬೇಕೇ ಎಂದು ಇವನು ಬೀಗುತ್ತ ಮನೆಗೆ ಬಂದ.

ದೊರೆಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ನಡುವೆ ಇಟ್ಟುಕೊಂಡ. ಅರ ಹಿಡಿದದ್ದೇ ತಡ, ಕೈ ತನ್ನ ಪಾಡಿಗೆ ತಾನು ನಡೆಯಿತು. ಈ ಕಡೆ ನಾಲ್ಕು, ಆ ಕಡೆ ನಾಲ್ಕು, ಬೆಳಕಿಗೆ ಹಿಡಿದು ನೋಡುವುದು, ಮತ್ತೆ ಎರಡು. ಮುಗಿದ ಮೇಲೆ ಅಭ್ಯಾಸದಂತೆ ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ರಕ್ತ ಬಂತು, ಅವನದೇ. ದೊರೆಯ ಕಾಲಲ್ಲಿ ಈಗ ಎರಡು ಸೂಜಿಗಳಿದ್ದವು.

ಮರುದಿನ ಚುಕ್ಕೆ ಹೇಂಟೆಯ ಬೆನ್ನಿನಲ್ಲಿ ಬೆರಳುದ್ದದ ಗಾಯ. ಹೆಂಡತಿ ಗಾಯ ತೊಳೆದು, ಒಳಗೆ ಹೋಗಿ ದೊಡ್ಡ ಚಾಕು ತಂದು ಗಂಡನ ಮುಂದಿಟ್ಟಳು. ಭಾನುವಾರ ಬೇಕು, ಚೆನ್ನಾಗಿ ಸಾಣೆ ಹಿಡಿದಿಡಿ ಎಂದಳು. ಅವಳ ತುಟಿಯಿಂದ ಅವನಿಗೆ ಒಂದಕ್ಷರವೂ ತಪ್ಪಲಿಲ್ಲ.

ಶನಿವಾರ ಅವಳು ಮಾರುಕಟ್ಟೆಗೆ ಹೋದಾಗ ಸಾಣೆಚಕ್ರ ಬಹಳ ಹೊತ್ತು ತಿರುಗಿತು.

ಭಾನುವಾರ ಬೆಳಿಗ್ಗೆ ಅವಳು ಮೊದಲು ಈರುಳ್ಳಿಗೆ ಚಾಕು ಹಾಕಿದಳು. ಈರುಳ್ಳಿ ಜಾರಿ ಹೋಗಿ ಒಲೆಯ ಕೆಳಗೆ ಸೇರಿತು. ಇನ್ನೊಂದು ಚಾಕು ತೆಗೆದಳು. ಟೊಮೆಟೊ ಕೂಡ ಅದಕ್ಕೆ ಹೆದರಲಿಲ್ಲ. ಕತ್ತರಿ ದಾರವನ್ನು ಜಗಿಯಿತು. ಆಲೂಗಡ್ಡೆ ಸಿಪ್ಪೆ ತೆಗೆಯುವ ಪುಟ್ಟ ಚಾಕುವನ್ನೂ ಪುಣ್ಯಾತ್ಮ ಬಿಟ್ಟಿರಲಿಲ್ಲ. ಅವಳಿಗೆ ಸಿಟ್ಟು ಬಂತು, ಅದರ ಹಿಂದೆಯೇ ನಗುವೂ ಬಂತು. ನಗುವನ್ನು ಹಲ್ಲು ಕಚ್ಚಿ ತಡೆದುಕೊಂಡು ಹಿತ್ತಲಿಗೆ ಬಂದಳು.

ಅವನು ದೊರೆಯನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಅವುಚಿಕೊಂಡು ಕೂತಿದ್ದ. ಡಾಕ್ಟರು ಇನ್ನೊಂದು ದಾರಿಯನ್ನೂ ಹೇಳಿದ್ದರೆಂದು ತಾನಾಗಿಯೇ ಒಪ್ಪಿಕೊಂಡ. ಬಿಸಿಬಿಸಿ ಬೆಂದ ಆಲೂಗಡ್ಡೆಯನ್ನು, ಕಾಲಿನ ಚರ್ಮಕ್ಕೆ ತಾಗದ ಹಾಗೆ, ಮುಳ್ಳಿಗೆ ಸ್ವಲ್ಪ ಹೊತ್ತು ಚುಚ್ಚಿ ಹಿಡಿದರೆ ಚಿಪ್ಪು ಮೆತ್ತಗಾಗಿ, ಮೆಲ್ಲಗೆ ತಿರುಗಿಸಿದರೆ ಕಳಚಿ ಬರುತ್ತದಂತೆ. ಆಮೇಲೆ ವಾರದ ಮಟ್ಟಿಗೆ ಹೇಂಟೆಗಳಿಂದ ಬೇರೆ ಇಟ್ಟರಾಯಿತಂತೆ.

"ಮೊದಲೇ ಬಾಯಿ ಬಿಡೋಕೇನಾಗಿತ್ತು?"

"ಸಾಣೆಯವನ ಮನೇಲಿ ಆಲೂಗಡ್ಡೆ ಕೈಲಿ ಕೆಲಸ ಮಾಡಿಸೋದಾ?"

ಸಿಪ್ಪೆ ತೆಗೆಯಲು ಹೇಗೂ ಚಾಕುವಿರಲಿಲ್ಲ. ಅವಳು ಎರಡು ಆಲೂಗಡ್ಡೆಯನ್ನು ಇಡಿಯಾಗಿಯೇ ಬೇಯಿಸಿದಳು. ಬಟ್ಟೆಯಲ್ಲಿ ಹಿಡಿದು ಮೊದಲನೆಯದನ್ನು ಬಲಗಾಲಿನ ಮುಳ್ಳಿಗೆ ಚುಚ್ಚಿ, ನೂರರವರೆಗೆ ಎಣಿಸಿ, ತಿರುಗಿಸಿದಳು. ಚಿಪ್ಪು ಲಟಕ್ಕನೆ ಬಂತು. ಒಳಗೆ ಎಳೆಯದೊಂದು ಮೊಳಕೆ, ಒಂದು ಹನಿ ರಕ್ತ. ರಕ್ತ ನಿಲ್ಲಲೆಂದು ಅದರ ಮೇಲೆ ಚಿಟಿಕೆ ಹಿಟ್ಟು ಒತ್ತಿದಳು. ದೊರೆ ಕಣ್ಣು ಪಿಳಿಪಿಳಿ ಬಿಟ್ಟ, ಅಷ್ಟೇ.

"ಮೂವತ್ತು ವರ್ಷದಲ್ಲಿ ನನಗೋಸ್ಕರ ಒಂದು ಸೂಜಿನೂ ಮೊಂಡು ಮಾಡಿದವರಲ್ಲ ನೀವು," ಎಂದಳು. "ಈ ಪೋಕರಿಗೆ ಮನೇಲಿರೋ ಚಾಕುನೆಲ್ಲ ಹಾಳುಮಾಡಿದ್ರಿ. ಅಂಥಾದ್ದೇನಿದೆ ಇವನಲ್ಲಿ?"

ಅವನು ಟವೆಲಿನ ಅಂಚು ಸರಿಪಡಿಸುತ್ತ ತಲೆ ತಗ್ಗಿಸಿದ.

"ಇವನು ಕೂಗಿದ್ರೆ ಕೇಳ್ಸುತ್ತೆ ಕಣೇ. ಮಿಕ್ಕಿದ್ದೇನೂ ಸರಿಯಾಗಿ ಕೇಳ್ಸಲ್ಲ. ನೀನು ಹಿಂದಿನಿಂದ ಕರೆದ್ರೂ ಅಷ್ಟೇ."

ಉತ್ತರ ಸಿಗದೆ ಮುಖ ಊದಿಸಿಕೊಂಡ ದಿನಗಳೆಲ್ಲ ಅವಳಿಗೆ ಒಟ್ಟಿಗೇ ನೆನಪಾದವು. ಒಳಗೆ ಹೋಗಿ ಎರಡನೆಯ ಆಲೂಗಡ್ಡೆ ತಂದಳು. ಬಂದವಳು ಅವನ ಹಿಂದೆ ನಿಲ್ಲದೆ ಸುತ್ತಿ ಬಂದು ಎದುರಿಗೆ ಕೂತಳು. ಅವನು ತಲೆ ಎತ್ತುವವರೆಗೂ ಕಾದು, ಒಂದೊಂದೇ ಮಾತನ್ನು ಬಿಡಿಸಿ, ಗಟ್ಟಿಯಾಗಿ ಹೇಳಿದಳು:

"ಇನ್ನೊಂದು ಕಾಲು ಹಿಡೀರಿ."