ಡಬ್ಬಿ ನೇರ ಹೋಗಬೇಕು

ತಂಗಿಗೆ ಮೆಣಸು ಅಂತ ಹೆಸರಿಟ್ಟವಳು ಅಕ್ಕನೇ. ಕೋಪ ಮೂಗಿನ ತುದಿಯಲ್ಲಿ, ಮಾತು ನಾಲಿಗೆಯ ತುದಿಯಲ್ಲಿ. ಇನ್ನೇನು ಹೆಸರಿಡಬೇಕಿತ್ತು ಹೇಳಿ? ಮನೆಯಲ್ಲಿ ಹುಟ್ಟಿದ ಹೆಸರು ಶಾಲೆಯ ರೋಬೋಟ್ ತಂಡಕ್ಕೂ ಹಬ್ಬಿತು. ಆ ತಂಡಕ್ಕೆ ಅಕ್ಕ ನಾಯಕಿ, ಮೆಣಸು ಪ್ರೋಗ್ರಾಮ್ ಬರೆಯುವವಳು.

ರೋಬೋಟನ್ನು ಎಲ್ಲರೂ ಡಬ್ಬಿ ಅಂತಿದ್ದರು. ಚಕ್ರಗಳ ಮೇಲೊಂದು ತಗಡಿನ ಪೆಟ್ಟಿಗೆ, ಅದಕ್ಕೊಂದು ಕೈ, ಅಷ್ಟೇ. ಸೀಟಿ ಊದಿದ ಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ತಾನಾಗಿ ನೇರ ಹೋಗಿ ಆಚೆ ತುದಿಯ ಬುಟ್ಟಿಗೆ ಚೆಂಡು ಹಾಕಬೇಕು. ತಂಡದ ಕೋಣೆಯಲ್ಲಿ ಅದು ದಾರ ಹಿಡಿದಂತೆ ಹೋಗುತ್ತಿತ್ತು. ಪಂದ್ಯಗಳು ಶುರುವಾಗುವ ಮುಂಚೆ ಒಂದು ಕೈ ನೋಡೋಣ ಅಂತ ವಿಜ್ಞಾನದ ಮೇಷ್ಟ್ರು ತಂಡವನ್ನು ಪಕ್ಕದ ಶಾಲೆಯ ದೊಡ್ಡ ಹಾಲ್‌ಗೆ ಕರೆದುಕೊಂಡು ಹೋದರು. ಅಲ್ಲಿ ಡಬ್ಬಿ ಬುಟ್ಟಿಯ ಕಡೆ ಕಣ್ಣೆತ್ತಿಯೂ ನೋಡದೆ ಬಲಕ್ಕೆ ವಾಲಿಕೊಂಡು ಹೋಗಿ ಗೋಡೆಗೆ ಗುದ್ದಿತು. ಮತ್ತೆ ಬಿಟ್ಟರು. ಮತ್ತೆ ಅದೇ ಗೋಡೆ. ಮೂರು ಕಾಸಿನ ಮರ್ಯಾದೆ ಉಳಿಯಲಿಲ್ಲ.

ಇಲ್ಲಿನ ನೆಲವೇ ಸರಿ ಇಲ್ಲ ಅಂದಳು ಮೆಣಸು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಯಾರೋ ಹಿಂದಿನಿಂದ ಅಂದರು. ಎರಡೂ ಶಾಲೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನೂ ನಕ್ಕಳು. ನಗಬಾರದಿತ್ತು. ತಂಗಿಯ ಮುಖ ನೋಡಿದ ಮೇಲೆ ಅವಳಿಗೇ ಹಾಗನಿಸಿತು.

ಆಮೇಲೆ ತಂಡದ ಇನ್ನೊಬ್ಬ ಬಾಯಿ ಬಿಟ್ಟ. ಅವನಿಗೆ ಎಲ್ಲರೂ ಕನ್ನಡಕ ಅಂತಿದ್ದರು. ಅವನೂ ಒಂದು ಪ್ರೋಗ್ರಾಮ್ ಬರೆದಿಟ್ಟಿದ್ದ. ತನ್ನದನ್ನೂ ಒಮ್ಮೆ ನೋಡಿ ಅಂದ. ತಪ್ಪೇನಿದೆ? ಮೇಷ್ಟ್ರು, ನಾಯಕಿ ನಿರ್ಧಾರ ಮಾಡಲಿ ಅಂತ ಕೈ ತೊಳೆದುಕೊಂಡರು. ಅಕ್ಕನಿಗೆ ಅತ್ತ ದರಿ ಇತ್ತ ಪುಲಿ. ತಂಗಿಯದನ್ನು ಆರಿಸಿದರೆ ಊರೆಲ್ಲ ಆಡಿಕೊಳ್ಳುತ್ತದೆ. ಬಿಟ್ಟರೆ, ರಜೆಯೆಲ್ಲ ಆ ಡಬ್ಬಿಯ ಮುಂದೆ ಕಳೆದವಳಿಗೆ ಹೇಗೆ ಮುಖ ತೋರಿಸುವುದು? ಕೊನೆಗೆ ಶನಿವಾರ ಇದೇ ಹಾಲ್‌ನಲ್ಲಿ ಎರಡನ್ನೂ ಓಡಿಸೋಣ, ಗೆದ್ದದ್ದೇ ಎಲ್ಲ ಪಂದ್ಯಕ್ಕೂ ಅಂತ ಹೇಳಿದಳು.

ಮೆಣಸು ಮನೆಯಲ್ಲಿ ಮಾತು ಬಿಟ್ಟಳು. ಅದಾಗಿ ಎರಡು ದಿನಕ್ಕೆ, ಇನ್ನೂ ಯಾರೂ ಬರುವ ಮೊದಲೇ, ಅಕ್ಕನನ್ನು ತಂಡದ ಕೋಣೆಗೆ ಎಳೆದುಕೊಂಡು ಹೋಗಿ ನೆಲದ ಮೇಲೆ ಒಂದು ಗೋಲಿ ಇಟ್ಟಳು. ಗೋಲಿ ಸುಮ್ಮನಿರಲಿಲ್ಲ. ಮೆಲ್ಲಗೆ ಎಡಕ್ಕೆ ಉರುಳಿ, ಗೋಡೆಯ ಬುಡದ ಕಬ್ಬಿಣದ ಜಾಲರಿಯ ಹತ್ತಿರ ನಿಂತಿತು.

ಆ ಕೋಣೆ ಹಿಂದೆ ಶಾಲೆಯ ಅಡುಗೆಮನೆಯ ಪಾತ್ರೆ ತೊಳೆಯುವ ಜಾಗ. ನೀರು ಹರಿದು ಹೋಗಲಿ ಅಂತ ನೆಲವನ್ನು ಬೇಕೆಂದೇ ಇಳಿಜಾರು ಮಾಡಿದ್ದರು. ಜಾಲರಿಯನ್ನು ದಿನಾ ತುಳಿದುಕೊಂಡು ಓಡಾಡಿದ್ದರಲ್ಲ, ಒಬ್ಬರ ತಲೆಗಾದರೂ ಹೊಳೆಯಬೇಡವೇ? ಡಬ್ಬಿ ಎಡಕ್ಕೆ ಜಾರಿದಾಗೆಲ್ಲ ಎಡಗಡೆಯ ಚಕ್ರಗಳಿಗೆ ಚೂರು ಚೂರೇ ಬಲ ಹೆಚ್ಚಿಸಿ, ಈಗ ನೇರ ಹೋಯಿತು ಅಂತ ಚಪ್ಪಾಳೆ ತಟ್ಟಿದ್ದರು. ಸಮ ನೆಲಕ್ಕೆ ಹೋದರೆ ಅದು ಬಲಕ್ಕೆ ಹೋಗದೆ ಇನ್ನೇನು ಮಾಡೀತು!

"ಡೊಂಕು ಅವರ ನೆಲ ಅಲ್ಲ ಕಣೇ, ನಮ್ಮದು," ಅಂದಳು ಮೆಣಸು. "ಮೊದಲೇ ನೋಡ್ಬೇಕಿತ್ತು. ತಪ್ಪು ನಂದೇ."

ಅಕ್ಕನ ಮನಸ್ಸು ಆಗಲೇ ಬೇರೆ ಲೆಕ್ಕ ಹಾಕುತ್ತಿತ್ತು. ಕನ್ನಡಕ ತನ್ನದನ್ನು ಸರಿಮಾಡಿಕೊಂಡಿದ್ದೂ ಇದೇ ನೆಲದ ಮೇಲೆ. ಇವಳೊಬ್ಬಳೇ ತಿದ್ದಿಕೊಂಡರೆ ಶನಿವಾರ ಅವನದು ಗೋಡೆಗೆ, ಇವಳದು ಬುಟ್ಟಿಗೆ. ಯಾರೂ ಬೆರಳು ತೋರಿಸುವ ಹಾಗಿಲ್ಲ. ಇದು ಇನ್ನು ಯಾರಿಗೆ ಗೊತ್ತು ಅಂತ ಮೆಲ್ಲಗೆ ಕೇಳಿದಳು.

"ಕನ್ನಡಕನಿಗೆ ಹೇಳಿಯೇ ಬಂದೆ."

"ಅವನು ನಿನಗಿಂತ ಚೆನ್ನಾಗಿ ಮಾಡಿಬಿಟ್ರೆ?"

"ಯಾರ ಪ್ರೋಗ್ರಾಮ್ ಆದ್ರೂ ಗೋಡೆಗೆ ಗುದ್ದೋದು ನಮ್ಮ ಡಬ್ಬಿನೇ ಅಲ್ವೇನೇ?"

ಅಕ್ಕನಿಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ, ಇವಳು ನನ್ನ ತಂಗಿ ಅನ್ನುವ ಹೆಮ್ಮೆ ಎದೆ ತುಂಬಿ ಬಂತು. ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಮೆಣಸು ತಲೆ ಮೇಲೆ ಕೂರುತ್ತಿದ್ದಳು.

ಅವತ್ತೇ ಹಲಗೆ ಹಾಸಿ, ಕೆಳಗೆ ರಟ್ಟು ತುರುಕಿ ನೆಲ ಸಮ ಮಾಡಿದರು. ಮೆಣಸು, ಕನ್ನಡಕ ಒಂದೇ ಬೆಂಚಿನ ಮೇಲೆ ಕೂತು ಹಾವು ಮುಂಗುಸಿಯಂತೆ ಕಿತ್ತಾಡುತ್ತ ತಮ್ಮ ತಮ್ಮ ಲೆಕ್ಕಗಳನ್ನೆಲ್ಲ ಹೊಸದಾಗಿ ಮಾಡಿದರು.

ಶನಿವಾರ ಮೆಣಸಿನ ಪ್ರೋಗ್ರಾಮ್ ಮೊದಲು. ಡಬ್ಬಿ ನೇರ ಹೋಗಿ ಚೆಂಡು ಹಾಕಿತು. ಅಂದು ನಕ್ಕವರೇ ಚಪ್ಪಾಳೆ ತಟ್ಟಿದರು. ಆಮೇಲೆ ಕನ್ನಡಕನದು. ಅದೂ ನೇರ ಹೋಗಿ ಚೆಂಡು ಹಾಕಿತು. ಹಾಕಿ, ಹೊತ್ತು ಉಳಿಸಿಕೊಂಡು ವಾಪಸ್ ಬಂದು ಎರಡನೇ ಚೆಂಡನ್ನೂ ಎತ್ತಿಕೊಂಡಿತು. ಎಲ್ಲರ ಕಣ್ಣೂ ನಾಯಕಿಯ ಮೇಲೆ. ಮೆಣಸು ಮಾತ್ರ ತನ್ನ ಶೂ ನೋಡುತ್ತಿದ್ದಳು.

"ಕನ್ನಡಕನದು," ಅಂದಳು ಅಕ್ಕ.

ಮನೆಗೆ ಹೋಗುವ ದಾರಿಯಲ್ಲಿ ಮೆಣಸು ಸ್ವಲ್ಪ ಅತ್ತಳು, ತೋಳಿನಿಂದ ಮೂಗು ಒರೆಸಿಕೊಂಡಳು. ಅಕ್ಕ ಅವಳ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು.

"ನೀನು ಬಾಯಿ ಮುಚ್ಕೊಂಡಿದ್ದಿದ್ರೆ ಪಂದ್ಯಕ್ಕೆ ನಿಂದೇ ಹೋಗ್ತಿತ್ತು."

"ಅವನಿಗೆ ಹೇಳೋವಾಗ್ಲೇ ಗೊತ್ತಿತ್ತು."

"ನಾನಾಗಿದ್ರೆ ಹೇಳ್ತಿರ್ಲಿಲ್ಲ ಕಣೇ."

ಮೆಣಸು ಕೆಂಪಗಾದ ಕಣ್ಣಲ್ಲೇ ಅಕ್ಕನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಈಗ ಕನ್ನಡಕನದು ಅಂತ ಹೇಳಿ ಬಂದ್ಯಲ್ಲ, ಅಷ್ಟು ಜನರ ಮುಂದೆ," ಅಂದಳು.